ಹಾರದ ಬಾರು

ಕಿಡಿ ಬಿತ್ತು, ಬಂದೂಕಿನ ಬಟ್ಟಲಿನ ಮದ್ದು ಭುಸ್ಸೆಂದು ಹೊತ್ತಿಕೊಂಡು ಬಲಗೆನ್ನೆಗೆ ಬಿಸಿ ತಾಗಿತು, ನಳಿಗೆಯೊಳಗಿನ ಬಾರು ಮಾತ್ರ ಹಾರಲಿಲ್ಲ — ಸದ್ದಿಲ್ಲ, ಭುಜಕ್ಕೆ ಒದೆತವಿಲ್ಲ, ಆದರೂ ನಳಿಗೆಯ ತುದಿ ಎಡಕ್ಕೆ ಜಿಗಿಯಿತಲ್ಲ, ಹಾರದ ಬಂದೂಕು ತಾನಾಗಿ ಜಿಗಿಯುತ್ತದೆಯೇ, ಜಿಗಿಸಿದವನು ನಾನು, ಜೋರಾಪುರ ಪೇಟೆಯ ಬಂದೂಕು ರಿಪೇರಿ ಯಾಕೂಬ. ಯಾರೂ ಮುಂದ ಬರಬ್ಯಾಡ್ರಿ, ಅಲ್ಲೇ ನಿಂದರ್ರಿ ಎಂದು ಕೂಗಿದವನೂ ನಾನೇ ಇರಬೇಕು, ಹುಸಿ ಹೋದ ಬಾರನ್ನು ನಂಬುವಂತಿಲ್ಲ, ಒಳಗೆಲ್ಲೋ ಕಿಡಿ ಕೂತಿದ್ದರೆ ತಡವಾಗಿ ಹಾರುತ್ತದೆ, ಅದಕ್ಕೇ ಬಂದೂಕು ಇಳಿಸದೆ ದಿಬ್ಬದ ಕಡೆ ಮುಖ ಮಾಡಿ ಹಿಡಿದು ನಿಲ್ಲಬೇಕು, ನಿಂತಿದ್ದೇನೆ, ತೋಳು ಬಿದ್ದುಹೋಗುತ್ತಿದೆ, ಸಾಕಾಗಿದೆ ನನಗೆ. ತಿಕೋಟಾ ದಾಟಿ ಗರಸು ಮಣ್ಣು ಅಗೆದು ಬಿಟ್ಟ ತಗ್ಗು ಇದು, ಎದುರಿಗೆ ಮಣ್ಣಿನ ಗಡಿಗೆ ಇಡಿಯಾಗಿ ಕೂತಿದೆ, ಹಿಂದೆ ನಿಂತವನು ಶಾಂತಪ್ಪ, ಬಬಲೇಶ್ವರದ ರೈತ, ಗೋವಿನಜೋಳಕ್ಕೆ ಹಂದಿ ನುಗ್ಗುತ್ತವೆಂದು ಪರವಾನಗಿ ಮಾಡಿಸಿ ಅಜ್ಜನ ಕಾಲದ ಚಕಮಕಿ ಬಂದೂಕನ್ನು ನನ್ನ ಕೈಗೆ ಕೊಟ್ಟವನು, ಅವನ ಪಕ್ಕ ನನ್ನ ಮಗಳು ಅಂಜುಮ, ಅವಳು ನೋಡಿದಳು, ತುದಿ ಜಿಗಿದದ್ದನ್ನು ಖಂಡಿತ ನೋಡಿದಳು. ರಿಪೇರಿ ಮಾಡಿದವನೇ ಒಡೆಯನ ಕಣ್ಣೆದುರು ಗಡಿಗೆ ಒಡೆದು ತೋರಿಸಬೇಕು, ಆಮೇಲೆಯೇ ಬಂದೂಕು ಒಡೆಯನ ಕೈಗೆ, ಅಪ್ಪನ ಕಾಲದಿಂದ ನಮ್ಮ ಅಂಗಡಿಯ ರಿವಾಜು, ನನ್ನ ಬಾರು ಒಮ್ಮೆಯೂ ಗಡಿಗೆ ಬಿಟ್ಟು ಹೋದದ್ದಿಲ್ಲ ಎಂದು ಪೇಟೆಯಲ್ಲಿ ಮೀಸೆ ತಿರುವಿಕೊಂಡು ತಿರುಗಿದವನು ನಾನು.

ವಾರವಿಡೀ ಈ ಬಂದೂಕಿನ ಜೊತೆ ಗುದ್ದಾಡಿದೆನಲ್ಲ, ಗುಂಡು ಎಡಕ್ಕೆ ಒಗೆಯುತ್ತದೆ, ಎಡಕ್ಕೇ ಒಗೆಯುತ್ತದೆ ಎಂದು ಬೈಯುತ್ತ — ಕಲ್ಲು ಬದಲಿಸಿದೆ, ಕಲ್ಲನ್ನು ಕಚ್ಚಿ ಹಿಡಿಯುವ ಹಲ್ಲಿಗೆ ಹೊಸ ಚಕ್ಕಳ ಸುತ್ತಿದೆ, ಮದ್ದು ಕಡಿಮೆ ಮಾಡಿದೆ, ಗುಂಡಿಗೆ ಸುತ್ತುವ ಎಣ್ಣೆಬಟ್ಟೆ ತೆಳ್ಳಗೆ ಮಾಡಿದೆ, ಕೀಲಿನ ಸ್ಪ್ರಿಂಗ್ ಉಜ್ಜಿ ಹಗುರ ಮಾಡಿದೆ, ಏನು ಮಾಡಿದರೂ ಎಡಕ್ಕೇ, ಕಡೆಗೆ ನಳಿಗೆಯ ತುದಿಯ ಗುರಿಮಣಿಯನ್ನೇ ಸುತ್ತಿಗೆಯಿಂದ ಎಡಕ್ಕೆ ತಟ್ಟಿದೆ, ಮಣಿ ಎಡಕ್ಕೆ ಸರಿದಷ್ಟು ಗುಂಡು ಬಲಕ್ಕೆ ಸರಿಯುತ್ತದೆ, ಇನ್ನಷ್ಟು ತಟ್ಟಿದೆ, ಗುಂಡು ನಡುವಿಗೆ ಬರುವ ತನಕ ತಟ್ಟಿದೆ, ಇವತ್ತು ಶಾಂತಪ್ಪ ಬರುವ ಮೊದಲು ಒಂದು ಗಡಿಗೆ ಒಡೆದು ಶಹಬ್ಬಾಸ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಬ್ಬಾ, ಬಂದೂಕದಾಗ ಏನೂ ತಪ್ಪ ಇಲ್ರಿ, ಬಾರ ಹಾಕದ ಒಮ್ಮೆ ಎಳದ ನೋಡ್ರಿ — ಅಂಜುಮ ಅಂದದ್ದು ಯಾವತ್ತು, ಶುಕ್ರವಾರ, ನಮಾಜು ಮುಗಿಸಿ ಬಂದು ಕೂತಿದ್ದೆ, ನನಗ ಕಲಸಾಕ ಬಂದಿಯೇನ ಎಂದು ಸಿಡುಕಿದೆ, ಅಂಗಡಿಯ ಕೆಲಸವೆಲ್ಲ ಬಲ್ಲವಳು, ನನಗಿಂತ ಚೆನ್ನಾಗಿ ಕಲ್ಲು ಕೂರಿಸುವವಳು ಅವಳು. ಈ ಕಣ್ಣು, ಮೋತಿಬಿಂದಿನ ಪೊರೆ ತೆಗೆಸಿದ ಮೇಲೆ ಈ ಬಲಗಣ್ಣು ಹೇಡಿಯಾಗಿದೆ, ಬೆರಳು ಎಳೆಯುವ ಮೊದಲೇ ತಾನು ಮುಚ್ಚಿಕೊಳ್ಳುತ್ತದೆ, ಮುಚ್ಚುವಾಗ ಕೈಯನ್ನೂ ಎಳೆದುಕೊಂಡು ಹೋಗುತ್ತದೆ, ಬಾರು ಹಾರಿದಾಗ ಸದ್ದು ಹೊಗೆ ಎಲ್ಲ ಸೇರಿ ಅದನ್ನು ಮುಚ್ಚಿಹಾಕುತ್ತಿದ್ದವು, ಇವತ್ತು ಬಯಲಾಯಿತು. ಆ ಕಣ್ಣಿಗೆ ಇನ್ನೆಷ್ಟ ಹೊಗಿ ಹಾಕ್ತೀರಿ, ಸಾಕ ಮಾಡ್ರಿ ಇನ್ನ — ಮನೆಯಲ್ಲಿ ಹೆಂಡತಿ ಅಬೇದಾ ರೊಟ್ಟಿ ತಟ್ಟುತ್ತ ಅನ್ನುತ್ತಾಳೆ, ಸಾಕು ಮಾಡಿದರೆ ನಾನು ಯಾರು, ಬಂದೂಕು ಬಿಟ್ಟ ಯಾಕೂಬನನ್ನು ಪೇಟೆಯಲ್ಲಿ ಯಾರು ಮಾತಾಡಿಸುತ್ತಾರೆ.

ಯಾಕ್ರಿ ಯಾಕೂಬಸಾಬ್ರ, ಹಾರವಲ್ದೇನ್ರಿ — ಶಾಂತಪ್ಪನ ದನಿ, ಪಾಪ, ಅವನಿಗೇನೂ ಗೊತ್ತಾಗಿಲ್ಲ. ಬಂದೂಕದ ಕಿವಿ ಕಟ್ಟೇತ್ರಿ, ಮಸಿ ಕುಂತೈತಿ, ತಡೀರಿ. ಸಾಕಷ್ಟು ಹೊತ್ತು ಕಾದದ್ದಾಯಿತು, ನಳಿಗೆ ದಿಬ್ಬದ ಕಡೆಗೇ ಇಟ್ಟು ಬಟ್ಟಲಿನ ಬೆಂಕಿ ನಳಿಗೆಯೊಳಗೆ ಹೋಗುವ ಕಿವಿಯ ತೂತನ್ನು ಸೂಜಿಯಿಂದ ಬಿಡಿಸುತ್ತೇನೆ, ಮಸಿ ಉದುರುತ್ತದೆ, ಬಟ್ಟಲಿಗೆ ಮತ್ತೆ ಮದ್ದು ಸುರಿಯುತ್ತೇನೆ, ಎಷ್ಟು ಸುಲಭ, ಈಗ ಎತ್ತಿ ಎಳೆದರೆ ಗಡಿಗೆ ಒಡೆಯುತ್ತದೆ, ನನ್ನ ಕೈಯ ತಪ್ಪಿಗೂ ಮಣಿಯ ತಪ್ಪಿಗೂ ಸರಿಹೋಗಿ ಒಡೆದೇ ಒಡೆಯುತ್ತದೆ, ಶಾಂತಪ್ಪ ವಾಹ್ ಎನ್ನುತ್ತಾನೆ, ಬಂದೂಕು ಒಯ್ಯುತ್ತಾನೆ — ಅವನ ಕೈ ಕಲ್ಲು, ಅಲುಗುವುದಿಲ್ಲ, ಅಲುಗದ ಕೈಯಲ್ಲಿ ಈ ಬಂದೂಕು ಬಲಕ್ಕೆ ಒಗೆಯುತ್ತದೆ, ಗಾಯಗೊಂಡ ಹಂದಿ ಓಡಿಹೋಗುವುದಿಲ್ಲ, ತಿರುಗಿ ಬರುತ್ತದೆ, ಅವನ ಮೇಲೆ ಬರುತ್ತದೆ. ಅಲ್ಲಾ, ಎಷ್ಟು ದಣಿದಿದ್ದೇನೆ, ಒಂದು ಗಡಿಗೆ ಒಡೆದು ಮನೆಗೆ ಹೋಗಿ ಮಲಗಿಬಿಡಬಹುದಿತ್ತು. ಅಂಜುಮ, ಬಾ ಇಲ್ಲೆ, ನೀ ಹೊಡಿ. ನಾನ? ಹೂಂ, ನೀನ. ಅವಳು ನನ್ನ ಮುಖ ನೋಡುತ್ತಾಳೆ, ಗಡಿಗಿ ಒಡ್ಯಂಗಿಲ್ರಿ ಅಬ್ಬಾ, ಮೆಲ್ಲಗೆ, ನನಗೊಬ್ಬನಿಗೇ ಕೇಳುವಷ್ಟು. ಗೊತ್ತೈತಿ, ಹೊಡಿ.

ಹಿಡಿಯನ್ನು ಭುಜಕ್ಕೆ ಊರಿದಳು, ದುಪಟ್ಟಾ ಹಿಂದಕ್ಕೆ ಸರಿಸಿ ಕೆನ್ನೆ ಒತ್ತಿದಳು, ನಾನು ಗಡಿಗೆ ನೋಡುತ್ತಿಲ್ಲ, ಅವಳ ಮುಖ ನೋಡುತ್ತಿದ್ದೇನೆ, ಕಿಡಿ, ಬೆಂಕಿ, ಢಮ್ — ಹೊಗೆ, ಮದ್ದಿನ ಘಾಟು, ಗಡಿಗೆ ಹಾಗೇ ಇದೆ, ಅದರ ಬಲಕ್ಕೆ ಗರಸಿನ ಧೂಳೆದ್ದಿದೆ. ಶಾಂತಪ್ಪ ನಗುತ್ತಾನೆ, ತಂಗಿ ಗುರಿ ತಪ್ಪಿತಲ್ರಿ, ನೀವ ಹೊಡೀರಿ ಸಾಬ್ರ. ಆಕಿ ತಪ್ಪಿಲ್ರಿ ಶಾಂತಪ್ಪಣ್ಣ, ಸರಿ ಹೊಡದಾಳ, ಬಂದೂಕ ಕೆಡಿಸಿದಾಂವ ನಾನು, ಮಣಿ ಆಕಿನ ಕೂಡಸ್ತಾಳ, ಇನ್ನ ಮ್ಯಾಲ ಆಕಿನ ಹೊಡೀತಾಳ. ಹೇಳಿಬಿಟ್ಟೆ, ಶಾಂತಪ್ಪನ ನಗು ನಿಂತಿತು, ಅವನು ಏನೋ ಕೇಳುತ್ತಿದ್ದಾನೆ, ನನಗೆ ಕೇಳಿಸುತ್ತಿಲ್ಲ, ಅವಳ ಕಣ್ಣು, ಬೆಂಕಿ ಅಷ್ಟು ಹತ್ತಿರ ಹೊತ್ತಿಕೊಂಡಾಗ ಅವಳ ಕಣ್ಣು ತೆರೆದೇ ಇತ್ತು, ಹೊಗೆ ಕವಿದಾಗಲೂ ತೆರೆದೇ ಇತ್ತು, ರೆಪ್ಪೆ ಅಲುಗಲಿಲ್ಲ, ಬೆಂಕಿಯ ಬೆಳಕು ಬಿದ್ದ ಆ ಕಣ್ಣು, ತೆರೆದ ಕಣ್ಣು —