ಬೀಳದವನ ತಪ್ಪೊಪ್ಪಿಗೆ

ಮರದ ರಾಶಿಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದ ಚೌರಪ್ಪನಿಗೆ ಮೊದಲು ಕೇಳಿಸಿದ್ದು ಸಿಪಾಯಿಗಳ ಸದ್ದಲ್ಲ, ತಮ್ಮ ಇನ್ಯಾಸಪ್ಪನ ದನಿ.

"ಅಲ್ಲೇ ಅವ್ನೆ ಸ್ವಾಮಿ. ತೇಗದ ತೊಲೆ ಹಿಂದುಗಡೆ."

ಅಲ್ಲಿ ಅವಿತುಕೋ ಅಂತ ಬೆಳಿಗ್ಗೆ ಹೇಳಿದವನೂ ಅವನೇ. "ಬುತ್ತಿ ತತ್ತೀನಿ, ಅಲ್ಲಾಡ್ಬ್ಯಾಡ ಕಣಣ್ಣ" ಅಂದು ಬೆನ್ನು ಸವರಿ ಹೋಗಿದ್ದ.

ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ ಅವರದು ಬಡಗಿಗಳ ಮನೆ. ಅಜ್ಜನ ಕಾಲಕ್ಕೇ ಕ್ರಿಸ್ತನನ್ನು ನಂಬಿದ ಕುಟುಂಬ. ಅದು ಸಾವಿರದ ಏಳುನೂರ ಎಂಬತ್ತನಾಲ್ಕರ ಮಳೆಗಾಲ. ಸುಲ್ತಾನನ ಸಿಪಾಯಿಗಳು ಕ್ರೈಸ್ತರನ್ನು ಹಿಡಿದು ಕೋಟೆಗೆ ಸಾಗಿಸಿ ಮತ ಬದಲಿಸುತ್ತಿದ್ದ ದಿನಗಳು. ಪಾದ್ರಿಗಳು ಊರು ಬಿಟ್ಟ ಮೇಲೆ ಜನರಿಗೆ ಜಪ ಹೇಳಿಕೊಡುತ್ತಿದ್ದವನು ಚೌರಪ್ಪ. ಹಾಗಾಗಿ ಠಾಣೇದಾರನಿಗೆ ಅವನೇ ಬೇಕಿತ್ತು. ಅಣ್ಣನನ್ನು ತೋರಿಸಿದರೆ ನಿನ್ನನ್ನೂ ನಿನ್ನ ತಾಯಿಯನ್ನೂ ಮನೆಯಲ್ಲೇ ಬಿಡುತ್ತೇನೆ ಎಂದು ಅವನು ಇನ್ಯಾಸಪ್ಪನಿಗೆ ಮಾತು ಕೊಟ್ಟಿದ್ದ.

ಕೈಕಟ್ಟಿ ಹರಿಗೋಲಿಗೆ ಹತ್ತಿಸಿದರು. ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ದಂಡೆಯಲ್ಲಿ ತಾಯಿ ಎದೆ ಬಡಿದುಕೊಳ್ಳುತ್ತಿದ್ದರೆ, ಇನ್ಯಾಸಪ್ಪ ಅವಳ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ನಡುನೀರಿನಲ್ಲಿ ಚೌರಪ್ಪ ಹಾರಿಕೊಂಡ. ಬದುಕಬೇಕೆಂದು ಹಾರಿದನೋ, ಆ ತಗ್ಗಿದ ತಲೆಯನ್ನು ನೋಡಲಾರದೆ ಹಾರಿದನೋ, ಅವನಿಗೇ ತಿಳಿಯದು. ಹೊಳೆ ಅವನನ್ನು ಉರುಳಿಸಿ, ಬಂಡೆಗೆ ಬಡಿದು, ಆಚೆ ದಡಕ್ಕೆ ಎಸೆಯಿತು. ಹಗ್ಗವನ್ನು ಕಲ್ಲಿಗೆ ತೀಡಿ ಹರಿದುಕೊಂಡು, ಹಿರೋಡೆಯ ಗುಡ್ಡಗಳ ಮಗ್ಗುಲು ಹಿಡಿದು ನಾಲ್ಕು ದಿನ ನಡೆದ. ಹೇಮಾವತಿ ದಂಡೆಯ ಅಕ್ಕಿಹೆಬ್ಬಾಳಿನ ಹತ್ತಿರ ಒಂದು ಹುಲ್ಲಿನ ಮೆದೆಯ ಬುಡದಲ್ಲಿ ಜ್ವರ ಬಂದು ಬಿದ್ದ.

ಮೆದೆ ಪುಟ್ಟತಾಯಮ್ಮನದು. ಗಂಡ ತೀರಿಕೊಂಡಿದ್ದ, ಸ್ವಂತ ಬೇಸಾಯ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ಹಸುವಿಗೆ ಹುಲ್ಲು ಹಿರಿಯಲು ಬಂದವಳು ಅವನನ್ನು ಕಂಡಳು. ಕೊರಳಲ್ಲಿ ಜಪಮಾಲೆ ಇತ್ತು. ಅದನ್ನು ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಆಳುಗಳನ್ನು ಕೂಗಿದಳು.

ಹದಿನೆಂಟು ದಿನ ಅವನಿಗೆ ಪ್ರಜ್ಞೆ ಹೋಗಿ ಬಂದು ಮಾಡಿತು. ಎದ್ದು ಕೂತಾಗ ರಾಗಿ ಅಂಬಲಿ ಮುಂದಿಟ್ಟು ಅವಳು ಹೇಳಿದ್ದು ಇಷ್ಟೇ: "ಇನ್ಮ್ಯಾಕೆ ನಿನ್ನೆಸ್ರು ಚಲುವಯ್ಯ. ನಮ್ಮವ್ವನ ತೌರು ಕಡೆಯೋನು, ನಾಗಮಂಗಲದೋನು. ಯಾರಾನ ಕೇಳಿದ್ರೆ ಅಂಗೇ ಹೇಳು."

ಮಾಲೆಯನ್ನು ಅವನ ಕೈಗೆ ಹಾಕಿ, ಕೊಟ್ಟಿಗೆಯ ಅಟ್ಟ ತೋರಿಸಿದಳು.

ಹೀಗೆ ಹದಿನೈದು ವರ್ಷ. ಚೌರಪ್ಪ ಊರವರಿಗೆ ನೇಗಿಲು, ಕುಂಟೆ, ಬಾಗಿಲುವಾಡ ಮಾಡಿಕೊಟ್ಟ. ಅಟ್ಟದ ಮೇಲೆ ದಿನವೂ ಮಂಡಿಯೂರಿದ. ದೇವರೇ, ನಾನು ನಿನ್ನ ಕೈಬಿಡಲಿಲ್ಲ, ಅದಕ್ಕೇ ನೀನೂ ನನ್ನ ಕೈಬಿಡಲಿಲ್ಲ ಎಂದು ಪ್ರಾರ್ಥಿಸುತ್ತಿದ್ದ. ಕೆಳಗೆ ಪುಟ್ಟತಾಯಮ್ಮ ತಟ್ಟೆ ಹಾಕಿ ಕೂಗುತ್ತಿದ್ದಳು. ಇಳಿದು ಬಂದು ಉಣ್ಣುತ್ತಿದ್ದ. ಮೂರನೇ ವರ್ಷ ಒಬ್ಬ ಬಳೆಗಾರ, ಪಾಲಹಳ್ಳಿಯ ಬಡಗಿ ಮನೆಯ ಮುದುಕಿ ಹೋಗಿಬಿಟ್ಟಳಂತೆ, ಇದ್ದೊಬ್ಬ ಮಗ ಅಲ್ಲಾಹನ ಹೆಸರು ಹಿಡಿದವನಂತೆ ಎಂದು ಮಾತಿನ ನಡುವೆ ಹೇಳಿದ. ಅವತ್ತು ಚೌರಪ್ಪ ಊಟ ಮಾಡಲಿಲ್ಲ. ತಾಯಿಯ ಬಾಯಿಗೆ ನೀರು ಬಿಡುವ ಭಾಗ್ಯವನ್ನೂ ತಮ್ಮ ಕಿತ್ತುಕೊಂಡ ಎಂಬ ಉರಿ ಒಂದು ಕಡೆ. ನಾನಂತೂ ಬೀಳಲಿಲ್ಲ ಎಂಬ ಬಿಗುಮಾನ ಇನ್ನೊಂದು ಕಡೆ. ಆ ಎರಡೇ ಅವನ ಬೆನ್ನುಮೂಳೆಯಾದವು.

ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಸುಲ್ತಾನ ಸತ್ತು ಪಟ್ಟಣ ಬಿತ್ತು. ಕೆಲವು ತಿಂಗಳ ಮೇಲೆ ಪಾಲಹಳ್ಳಿಗೆ ಒಬ್ಬ ಪಾದ್ರಿ ಬಂದಿದ್ದಾರೆ, ಮತಕ್ಕೆ ಹಿಂತಿರುಗಿ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದಾರೆ ಎಂದು ಕೇಳಿ ಚೌರಪ್ಪ ಊರಿಗೆ ನಡೆದ.

ಚಪ್ಪರದಡಿ ಪೂಜೆ ನಡೆದಿತ್ತು. ಕ್ಷಮೆ ಕೇಳಲು ನಿಂತವರ ಸಾಲಿನ ಮುಂದೆಯೇ ಇನ್ಯಾಸಪ್ಪ ಮಂಡಿಯೂರಿದ್ದ, ಕೂದಲು ನೆರೆತು, ಭುಜ ಇಳಿದು. ಪಾದ್ರಿ ಅವನನ್ನು ಹಿಡಿದೆತ್ತಿ, ತಲೆಯ ಮೇಲೆ ಕೈಯಿಟ್ಟರು. ಸುತ್ತಲಿದ್ದವರ ಕಣ್ಣಲ್ಲಿ ನೀರಾಡಿತು. ಚೌರಪ್ಪನ ಕಣ್ಣಿಗೆ ಕಂಡದ್ದು ತೇಗದ ತೊಲೆ. ಒಬ್ಬನಾದರೂ 'ಇವನ ಅಣ್ಣ ಏನಾದ?' ಎಂದು ಕೇಳಲಿಲ್ಲವಲ್ಲ! ತಮ್ಮ ಮೋಸ ಮಾಡಿದ್ದು ಹಳೆಯ ಮಾತು. ಈಗ ದೇವರೇ ಮೋಸ ಮಾಡಿದಂತಿತ್ತು.

ಕಡೆಗೆ ಪಾದ್ರಿ ಅವನ ಕಡೆ ತಿರುಗಿದರು. "ನೀವು?"

"ನಾನು ಬಿದ್ದೋನಲ್ಲ ಸ್ವಾಮಿ, ನನ್ನ ಎತ್ತಾಕೆ."

ಅಣ್ಣನ ದನಿ ಗುರುತು ಹಿಡಿದ ಇನ್ಯಾಸಪ್ಪ ಗಕ್ಕನೆ ತಿರುಗಿದ. "ಅಣ್ಣಾ... ಬದುಕಿದ್ದೀಯಾ?" ಎಂದು ಕಾಲಿಗೆ ಬೀಳಲು ಬಂದ. ಚೌರಪ್ಪ ಕಾಲು ಹಿಂದೆಳೆದುಕೊಂಡು ಬಂದ ದಾರಿಯಲ್ಲೇ ಹೊರಟುಬಿಟ್ಟ.

ಅಕ್ಕಿಹೆಬ್ಬಾಳಿಗೆ ಬಂದು ಎಲ್ಲವನ್ನೂ ಪುಟ್ಟತಾಯಮ್ಮನ ಮುಂದೆ ಕಾರಿಕೊಂಡ. ಅವಳು ಅವರೆಕಾಯಿ ಸುಲಿಯುತ್ತ ಕೇಳಿದಳು.

"ಅವ್ನು ಮಾಡಿದ್ದು ತಪ್ಪೇಯ. ನಾನು ಸರಿ ಅನ್ನಾಕಿಲ್ಲ" ಎಂದಳು, ಅಷ್ಟೇ.

ಆ ಒಂದು ಮಾತಿಗೆ ಅವನ ಎದೆ ತುಸು ಇಳಿಯಿತು. ಇವಳಿಗೆ ಏನಾದರೂ ಮಾಡಬೇಕು ಅನ್ನಿಸಿತು. "ಅಕ್ಕಾ, ನಾಳೆ ಗಾಡಿ ಕಟ್ತೀನಿ. ಹೊಸಹೊಳಲು ಲಕ್ಷ್ಮೀನಾರಾಯಣ ಸ್ವಾಮಿ ದರ್ಸನ ಮಾಡ್ಸ್ಕೊಂಡು ಬತ್ತೀನಿ ನಡಿ. ನಾನು ಬಂದಾಗ್ನಿಂದ ನೀನು ಆ ಕಡೀಕೆ ಹೋಗಿದ್ದೇ ಕಾಣೆ."

ಅವಳ ಕೈ ನಿಂತಿತು. "ಬ್ಯಾಡ ಬುಡು."

"ಯಾಕಕ್ಕ? ನಿಮ್ಮ ಮನೆದೇವ್ರಲ್ವಾ?"

"ಮನೆದೇವ್ರೇ ಕಣಪ್ಪ. ಅದ್ಕೇ ಹೋಗಾಕಿಲ್ಲ." ಅವಳೇ ಮುಂದುವರಿಸಿದಳು. "ನೀನು ಜ್ವರ ಬಂದು ಮಲಗಿದ್ದಾಗ ಗೌಡ್ರು ಕರಿಯಪ್ಪನೋರು ಬಂದ್ರು. ಯಾರಿವ್ನು, ಸರ್ಕಾರದೋರು ಹುಡುಕ್ತಾ ಇರೋನಾ, ಅಂದ್ರು. ನಮ್ಮೋನೇ ಅಂದೆ. ಅಂಗಾರೆ ಲಕ್ಷ್ಮೀನಾರಾಯಣನ ಮುಂದೆ ದೀಪ ಮುಟ್ಟಿ ಹೇಳು ಅಂದ್ರು. ಮುಟ್ಟಿ ಹೇಳ್ದೆ. ಸುಳ್ಳಾಣೆ ಇಟ್ಟೋಳು ಇನ್ಯಾವ ಮಖ ಹೊತ್ಕಂಡು ಆ ಬಾಗ್ಲು ತುಳೀಲಿ?"

"ಹದಿನೈದು ವರ್ಸ ಯಾಕೆ ಹೇಳ್ಳಿಲ್ಲ?"

"ಹೇಳಿದ್ರೆ ನಿಂಗೆ ಅನ್ನ ಇಳೀತಿತ್ತಾ?"

ಅವಳು ಮತ್ತೆ ಕಾಯಿ ಸುಲಿಯತೊಡಗಿದಳು. ಚೌರಪ್ಪ ಕೊಟ್ಟಿಗೆಯ ಕಡೆ ನೋಡಿದ. ದಿನವೂ ಅಟ್ಟದ ಮೇಲೆ ನನ್ನ ನಿಷ್ಠೆಗೆ ಸಿಕ್ಕ ಅನ್ನ ಎಂದು ಪ್ರಾರ್ಥಿಸಿದ್ದನಲ್ಲ. ಆ ಅನ್ನಕ್ಕಾಗಿ ಕೆಳಗೆ ಇನ್ನೊಂದು ಜೀವ ತನ್ನ ದೇವರ ಬಾಗಿಲನ್ನೇ ಬಿಟ್ಟುಕೊಟ್ಟಿತ್ತು. ಅವನು ಕೇಳಿರಲಿಲ್ಲ, ಗಳಿಸಿರಲಿಲ್ಲ, ಒಂದು ದಿನ ಬಾಯಿಬಿಟ್ಟು ನೆನೆದೂ ಇರಲಿಲ್ಲ. ಎದ್ದು ಅವಳ ಪಾದದ ಹತ್ತಿರ ಹಣೆಯಿಟ್ಟ. "ಏಳಪ್ಪಾ, ಸಿಪ್ಪೆ ಮೇಲೆ ಬಿದ್ದೀಯ" ಎಂದು ಅವಳು ಗದರಿಕೊಂಡಳು. ಅವನು ಮಾತ್ರ ಅಳು ಮುಗಿಯುವವರೆಗೂ ಏಳಲಿಲ್ಲ.

ಮುಂದಿನ ಭಾನುವಾರ ಅವನು ಪಾಲಹಳ್ಳಿಯ ಚಪ್ಪರದಡಿ ಸಾಲಿನ ಕೊನೆಯಲ್ಲಿ ನಿಂತ. ಪಾದ್ರಿಗೆ ಅಚ್ಚರಿ.

"ಬೀಳಲಿಲ್ಲ ಎಂದಿರಲ್ಲ?"

"ನನ್ನನ್ನ ಹೊತ್ತುಕೊಂಡಿದ್ರು ಸ್ವಾಮಿ. ಹೊತ್ತೋರ ಹೆಗಲ ಮೇಲೆ ಕೂತು, ನಾನೇ ಎತ್ತರ ಅಂದ್ಕೊಂಡಿದ್ದೆ." ಮಂಡಿಯೂರಿ ಪುಟ್ಟತಾಯಮ್ಮನ ವಿಷಯವನ್ನೆಲ್ಲ ಹೇಳಿದ. ಪಾದ್ರಿ ಕ್ಷಮೆಯ ಮಾತು ಹೇಳಿ ಎಬ್ಬಿಸಿದರು.

ಹೊರಗೆ ಇನ್ಯಾಸಪ್ಪ ಕಾದಿದ್ದ. ಹತ್ತಿರ ಬರಲು ಧೈರ್ಯವಾಗದೆ ದೂರದಿಂದಲೇ ಕೇಳಿದ: "ಅಣ್ಣಾ, ನನ್ನ ಮನ್ನಿಸ್ದೆಯಾ?"

"ಇನ್ನೂ ಇಲ್ಲ ಕಣ್ಲಾ" ಎಂದ ಚೌರಪ್ಪ. "ಬಾಯಲ್ಲಿ ಹೌದು ಅನ್ಬೋದು. ಒಳಗೆ ಇನ್ನೂ ಉರೀತೈತೆ. ನೀನು ಬೆನ್ನು ಸವರಿದ್ದೆಯಲ್ಲ, ಅದು ಉರೀತೈತೆ."

ಇನ್ಯಾಸಪ್ಪ ತಲೆಯಾಡಿಸಿದ. ನೆಪ ಹೇಳಲಿಲ್ಲ. ಅಣ್ಣನಿಗೆ ಅದೊಂದು ಹಿಡಿಸಿತು.

ಆ ವರ್ಷ ಪಾಲಹಳ್ಳಿಯವರು ಚಪ್ಪರದ ಜಾಗದಲ್ಲಿ ದೇವಾಲಯ ಕಟ್ಟಲು ಮರ ತರಿಸಿ, ಚೌರಪ್ಪನನ್ನೂ ಕರೆಸಿದರು. ದೊಡ್ಡ ಗರಗಸಕ್ಕೆ ಎರಡು ಆಳು ಬೇಕು, ಊರಿನ ಬಡಗಿಗಳಲ್ಲಿ ಉಳಿದಿದ್ದವರು ಇವರಿಬ್ಬರೇ. ಚೌರಪ್ಪ ಒಂದು ತುದಿ ಹಿಡಿದ. ತಮ್ಮ ಅನುಮಾನಿಸುತ್ತ ನಿಂತಿದ್ದ.

"ಹಿಡ್ಕೊಳ್ಲಾ, ಹೊತ್ತು ಹೋಯ್ತದೆ."

ಅವನು ಹಿಡಿದ. ಮಧ್ಯಾಹ್ನದವರೆಗೂ ಇಬ್ಬರೂ ಮರ ಕೊಯ್ದರು.