ಕ್ರೇನಮ್ಮನ ಉರಿ

ಹದಿನೆಂಟು ಅಂತಸ್ತಿನ ಕಟ್ಟಡ ಏಳುತ್ತಿದ್ದ ಆ ಸೈಟಿನಲ್ಲಿ ಕ್ರೇನ್ ಓಡಿಸುವವಳನ್ನು ಎಲ್ಲರೂ ಕ್ರೇನಮ್ಮ ಎನ್ನುತ್ತಿದ್ದರು. ಅವಳ ಕ್ಯಾಬಿನ್ ತಲುಪಲು ಇನ್ನೂರ ಹನ್ನೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಬೇಕು. ಹೆಂಗಸರ ಶೌಚಾಲಯ ಇದ್ದದ್ದು ಸೈಟಿನ ಇನ್ನೊಂದು ತುದಿಯಲ್ಲಿ, ಸಿಮೆಂಟ್ ಗೋದಾಮಿನ ಹಿಂದೆ. ಅದಕ್ಕೆ ಚಿಲಕವೂ ಇರಲಿಲ್ಲ. ಹೀಗಾಗಿ ಕ್ರೇನಮ್ಮ ತಾನೇ ಒಂದು ಉಪಾಯ ಕಂಡುಕೊಂಡಿದ್ದಳು: ನೀರೇ ಕುಡಿಯದಿರುವುದು. ಬೆಳಿಗ್ಗೆ ಏಳಕ್ಕೆ ಹತ್ತಿದರೆ ಇಳಿಯುವುದು ಸಂಜೆ ನಾಲ್ಕಕ್ಕೇ. "ನಾನು ಒಂಟೆ ಕಣ್ರೀ," ಎಂದು ಜಂಬ ಕೊಚ್ಚುತ್ತಿದ್ದಳು.

ಆ ಮಂಗಳವಾರ ಮಾತ್ರ ಒಂಟೆಯ ಆಟ ನಡೆಯಲಿಲ್ಲ. ಹನ್ನೊಂದರ ಹೊತ್ತಿಗೆ ಮೂರು ಸಲ ಇಳಿದು ಮೂರು ಸಲ ಹತ್ತಿದ್ದಳು. ಅಷ್ಟು ದೂರ ಓಡಿಹೋದರೆ ಬರುವುದು ನಾಲ್ಕೇ ಹನಿ, ಅದೂ ಪ್ರಾಣ ಹಿಂಡುವ ಉರಿಯೊಂದಿಗೆ. ಮೇಲೆ ಬಂದು ಕೂತರೆ ಮತ್ತೆ ಅದೇ ಅವಸರ.

ಕೆಳಗೆ ನಿಂತು ವಾಕಿಟಾಕಿಯಲ್ಲಿ ಸೂಚನೆ ಕೊಡುತ್ತಿದ್ದವಳು ಅವಳ ಅಣ್ಣನ ಹೆಂಡತಿ.

"ಏನೇ, ಕಂಬಿ ಎತ್ತಬೇಕು, ಯಾಕೆ ಸುಮ್ನೆ ಕೂತಿದ್ದೀಯ?"

"ಆಗ್ತಿಲ್ಲ ಅತ್ತಿಗೆ. ಉರೀತಿದೆ."

"ಎಲ್ಲೇ?"

"ಕೆಳಗೆ!"

ಅತ್ತಿಗೆಗೆ ತಕ್ಷಣ ಅರ್ಥವಾಯಿತು. ಆದರೆ ಅದೇ ಚಾನೆಲ್ಲಿಗೆ ಕಿವಿಗೊಟ್ಟಿದ್ದ ಸೂಪರ್‌ವೈಸರಿಗೆ ಆಗಲಿಲ್ಲ. ಇಡೀ ಸೈಟನ್ನು ಮೇಲಿನಿಂದ ನೋಡುವವಳೇ ಕೆಳಗೆ ಉರಿಯುತ್ತಿದೆ ಎಂದಮೇಲೆ ಇನ್ನೇನು! ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ ಸೈರನ್ ಒತ್ತಿಯೇಬಿಟ್ಟ. ಗಾರೆಯವರು ಕೈಯಲ್ಲಿ ಕರಣೆ ಹಿಡಿದೇ ಗೇಟಿನತ್ತ ಓಡಿದರು. ಬಣ್ಣ ಬಳಿಯುವವನೊಬ್ಬ ಮೊದಲ ಮಹಡಿಯಿಂದ ಮರಳಿನ ರಾಶಿಗೆ ಹಾರಿ ಸೊಂಟದವರೆಗೆ ಹೂತುಕೊಂಡ.

"ಬೆಂಕಿ ಎಲ್ಲಮ್ಮಾ? ಸರಿಯಾಗಿ ಹೇಳು!" ಸೂಪರ್‌ವೈಸರ್ ಹತ್ತು ನಿಮಿಷ ಹುಡುಕಿ ಸೋತು ವಾಕಿಟಾಕಿಯಲ್ಲಿ ಅರಚಿದ.

"ಬೆಂಕಿ ಇಲ್ಲ ಸಾರ್, ಬರೀ ಉರಿ!"

"ಹೊಗೆ ಬರ್ತಿದೆಯಾ?"

"ಸಾರ್!"

ಅತ್ತಿಗೆಗೆ ತಡೆಯಲಾಗಲಿಲ್ಲ, ಗಂಟಲು ಹರಿಯುವಂತೆ ಕೂಗಿದಳು. "ಉಚ್ಚೆ ಉರಿ ಸಾರ್! ಹೆಂಗಸರ ಉಚ್ಚೆ ಉರಿ! ತಿಳೀತಾ?"

ತಿಳಿಯಿತು. ಗೇಟಿನ ಬಳಿ ನಿಂತಿದ್ದ ನೂರಿಪ್ಪತ್ತು ಜನರಿಗೂ, ಆಗಷ್ಟೇ ಬಂದಿಳಿದ ಅಗ್ನಿಶಾಮಕ ದಳದ ಆರು ಮಂದಿಗೂ ತಿಳಿಯಿತು. ಕ್ರೇನಮ್ಮ ನಾಚಿಕೆಯಿಂದ ಇನ್ನು ಈ ಜನ್ಮದಲ್ಲಿ ಇಳಿಯುವುದಿಲ್ಲ ಎಂದು ನಿಶ್ಚಯಿಸಿದಳು. ಎರಡೇ ನಿಮಿಷಕ್ಕೆ ದಡದಡನೆ ಇಳಿದಳು.

ಅತ್ತಿಗೆ ಅವಳನ್ನು ನೇರ ದವಾಖಾನೆಗೆ ಎಳೆದೊಯ್ದಳು. ಡಾಕ್ಟರಮ್ಮ ಒಂಟೆಯ ಕತೆ ಕೇಳಿ, ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಎಂದರು.

"ನಾನು ದಿನಾ ಸ್ನಾನ ಮಾಡ್ತೀನಿ ಡಾಕ್ಟ್ರೇ!"

"ಸ್ನಾನದ ಮಾತಲ್ಲಮ್ಮ. ಹೆಂಗಸರ ಮೂತ್ರನಾಳ ಗಿಡ್ಡ, ಮಲದ ದಾರಿ ಪಕ್ಕದಲ್ಲೇ. ಅಲ್ಲಿನ ಬ್ಯಾಕ್ಟೀರಿಯಾಗೆ ಮೂತ್ರಕೋಶ ಅಂದ್ರೆ ನೆರೆಮನೆ. ನೀರು ಕುಡಿದು ಆಗಾಗ ಹೋಗ್ತಿದ್ರೆ ಕೊಚ್ಕೊಂಡು ಹೋಗ್ತವೆ. ನೀವು ಒಂಬತ್ತು ಗಂಟೆ ಬಾಗಿಲು ಹಾಕಿ ಅವನ್ನ ಸಾಕ್ತಿದ್ದೀರ."

ಅತ್ತಿಗೆ ಅಂಗೈ ಮೇಲೆ ಬರೆದುಕೊಳ್ಳತೊಡಗಿದಳು.

"ತೊಳೆಯೋದು, ಒರೆಸೋದು ಯಾವಾಗಲೂ ಮುಂದಿನಿಂದ ಹಿಂದಕ್ಕೆ. ಒಳಗೆಲ್ಲ ಸೋಪು ಹಾಕಬೇಡಿ. ಗಂಡನ ಜೊತೆ ಸೇರಿದ ಮೇಲೆ ಒಮ್ಮೆ ಮೂತ್ರಕ್ಕೆ ಹೋಗಿ."

"ಅದನ್ನೂ ಬರ್ಕೊಂಡ್ಯಾ?" ಕ್ರೇನಮ್ಮ ಪಿಸುಗುಟ್ಟಿದಳು.

"ಅದು ನಂಗೆ, ಸುಮ್ನಿರು."

"ಐದು ದಿನದ ಮಾತ್ರೆ ಬರೆದಿದ್ದೀನಿ, ಉರಿ ನಿಂತಿತು ಅಂತ ನಡುವೆ ಬಿಡಬೇಡಿ. ಚಳಿಜ್ವರ, ಪಕ್ಕೆ ಕೆಳಗೆ ಬೆನ್ನುನೋವು ಬಂದ್ರೆ ಕಾಯದೆ ಓಡಿ ಬನ್ನಿ."

ಮೂರನೇ ದಿನಕ್ಕೆ ಉರಿ ಹೋಯಿತು. ಕ್ರೇನಮ್ಮ ಮಾತ್ರೆ ಮುಗಿಸಿ ಕೆಲಸಕ್ಕೆ ಬಂದಾಗ ಸೂಪರ್‌ವೈಸರ್ ಒಂದು ಹಾಳೆ ಹಿಡಿದು ಕಾದಿದ್ದ. ಸೈರನ್ ಒತ್ತಿದ್ದಕ್ಕೆ ಮುಖ್ಯ ಕಚೇರಿಗೆ ವರದಿ ಕೊಡಬೇಕಿತ್ತು. "ಬೆಂಕಿಗೆ ಕಾರಣ" ಎಂಬ ಜಾಗ ಖಾಲಿ ಇತ್ತು.

"ಏನಂತ ಬರೀಲಮ್ಮಾ?" ಎಂದ, ಬೆವರೊರೆಸಿಕೊಳ್ಳುತ್ತ.

"ಬರ್ಕೊಳ್ಳಿ," ಎಂದಳು ಅತ್ತಿಗೆ. "ಕ್ರೇನ್ ಹತ್ರ ಹೆಂಗಸರಿಗೆ ಶೌಚಾಲಯ ಇಲ್ಲ. ಇರೋದಕ್ಕೆ ಚಿಲಕ ಇಲ್ಲ. ನಡುವೆ ಬಿಡುವಿಲ್ಲ."

ಅವನು ಒಂದಕ್ಷರ ಬಿಡದೆ ಬರೆದ. ಮುಖ್ಯ ಕಚೇರಿಯಲ್ಲಿ ಯಾರು ಓದಿದರೋ, ಎಷ್ಟು ನಕ್ಕರೋ. ಹತ್ತು ದಿನದಲ್ಲಿ ಕ್ರೇನಿನ ಬುಡದಲ್ಲೇ ಚಿಲಕ, ನಲ್ಲಿ ಎರಡೂ ಇದ್ದ ಶೌಚಾಲಯ ಎದ್ದಿತು. ಬೆಳಿಗ್ಗೆ, ಮಧ್ಯಾಹ್ನ ಇಳಿಯಲು ಬಿಡುವೂ ಸಿಕ್ಕಿತು.

ಅದರ ಮರುದಿನ ಸೂಪರ್‌ವೈಸರ್ ಅತ್ತಿಗೆಯ ಬಳಿ ಸರಿದು ಮೆಲ್ಲಗೆ ಕೇಳಿದ: "ಅದು... ಗಂಡಸರಿಗೂ ಬರುತ್ತಾ?"

"ಕಡಿಮೆ. ಆದ್ರೆ ಬರುತ್ತೆ ಸಾರ್."

ಅವನು ಅವಳ ನೀರಿನ ಬಾಟಲಿಯನ್ನೇ ಕಿತ್ತುಕೊಂಡು ಗಟಗಟ ಖಾಲಿ ಮಾಡಿದ.