ಪ್ರೇಮಾವತಿ ಟೀಚರ ಕೆಂಪು ಗೆರೆ

ಗಾಳಿಬೀಡಿನ ಪ್ರೇಮಾವತಿ ಟೀಚರಿಗೆ ಕಂಪ್ಯೂಟರಿನ ಮೇಲೆ ಇದ್ದ ಸಿಟ್ಟು ಒಂದೇ. ಅದು ಅವರ ಮಾತಿನ ಕೆಳಗೆಲ್ಲ ಕೆಂಪು ಗೆರೆ ಎಳೆಯುತ್ತಿತ್ತು. ಬಂತು ಎನ್ನಲು ‘ಬಾತ್’ ಎಂದು ಹೊಡೆದರೆ ಗೆರೆ, ಇಲ್ಲ ಎನ್ನಲು ‘ಇಲ್ಲೆ’ ಎಂದು ಹೊಡೆದರೆ ಗೆರೆ. ‘ಬೊತ್ತು’ ಎಂದರೆ ಬೇಡ ಎಂದರ್ಥ ಅಂತ ಪಕ್ಕದಲ್ಲೇ ಬರೆದಿದ್ದರೂ ಬೇಡದ ಕೆಳಗೆ ಗೆರೆ ಇಲ್ಲ, ಬೊತ್ತಿನ ಕೆಳಗೆ ಮಾತ್ರ ಇದೆ. ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಹದಿನಾಲ್ಕು ವರ್ಷದಿಂದ ತಮ್ಮ ಮನೆಮಾತಾದ ಅರೆಭಾಷೆಯ ಪದ ಕೂಡಿಸುತ್ತ ಬಂದವರು. ಪದಗಳು ಏಳು ಸಾವಿರ ದಾಟಿದ್ದವು. ಅಷ್ಟನ್ನೂ ಒಂದು ಯಂತ್ರ ತಪ್ಪು ತಪ್ಪು ಎನ್ನುತ್ತ ಕೂತರೆ ಯಾರಿಗಾದರೂ ಮೈ ಉರಿಯುತ್ತದೆ.

ಉಳಿದಂತೆ ಅವರ ಬದುಕಿನಲ್ಲಿ ದೂರುವಂಥದ್ದು ಏನೂ ಇರಲಿಲ್ಲ. ಐದು ಎಕರೆ ಕಾಫಿ ತೋಟ, ಅದನ್ನು ಮಗುವಿನಂತೆ ನೋಡಿಕೊಳ್ಳುವ ಗಂಡ ಪದ್ಮಯ್ಯ, ಮಡಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ದಿನಾ ಸಂಜೆ ಮನೆಗೆ ಬರುವ ಮಗ ದಿಗಂತ್. ಪದಕೋಶ ಮೇ ತಿಂಗಳಲ್ಲಿ ಅಚ್ಚಿಗೆ ಹೋಗುವುದೆಂದು ಪ್ರೆಸ್ಸಿನವರ ಜೊತೆ ಮಾತಾಗಿತ್ತು. ರಕ್ಷಾಪುಟದ ಮಾದರಿಯನ್ನು ಟೀಚರು ಈಗಾಗಲೇ ನೋಡಿದ್ದರು. ‘ಸಂಗ್ರಹ: ಪ್ರೇಮಾವತಿ ಪದ್ಮಯ್ಯ’ ಎಂಬ ಸಾಲನ್ನಂತೂ ದಿನಕ್ಕೊಮ್ಮೆ ನೋಡುತ್ತಿದ್ದರು. ನೋಡಿದರೆ ಏನು ತಪ್ಪು?

ಜನವರಿಯ ಒಂದು ಭಾನುವಾರ, ಕಣದಲ್ಲಿ ಹಣ್ಣು ಕಾಫಿ ಒಣಗುತ್ತಿದ್ದ ಹೊತ್ತಿಗೆ, ದಿಗಂತ್ ಒಂದು ಸುದ್ದಿ ತಂದ. ಕಂಪ್ಯೂಟರನ್ನು ನಡೆಸುವ ಹೊಸ ಸಿಸ್ಟಮ್ ಒಂದು ಬರುತ್ತಿದೆ. ಇನ್ನೂ ಬಿಡುಗಡೆಯಾಗಿಲ್ಲ, ಬೀಟಾ ಹಂತದಲ್ಲಿದೆ, ಇಷ್ಟವಿದ್ದವರು ಮೊದಲೇ ಹಾಕಿಕೊಂಡು ನೋಡಬಹುದು. ಅದರಲ್ಲಿ ನಮ್ಮ ಭಾಷೆಯನ್ನು ನಾವೇ ಹೆಸರಿಟ್ಟು ಸೇರಿಸಬಹುದು, ಪದ ಕಲಿಸಬಹುದು. ಕಲಿಸಿದ ಪದಕ್ಕೆ ಕೆಂಪು ಗೆರೆ ಬೀಳುವುದಿಲ್ಲ. ಟೀಚರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸಂತೋಷವಾದಾಗ ಅವರು ಹಾಗೆ ಮಾಡುತ್ತಿದ್ದರು.

ಹಾಕಿಸೋಣ ಎನ್ನುವಷ್ಟರಲ್ಲಿ ಮಗ ಇನ್ನೊಂದು ಮಗ್ಗುಲು ಹೇಳಿದ. ಇವರ ಹಳೇ ಕಂಪ್ಯೂಟರಿನಲ್ಲಿ ಎರಡು ಸಿಸ್ಟಮಿಗೆ ಜಾಗವಿಲ್ಲ, ಹಳೆಯದನ್ನು ತೆಗೆದೇ ಹೊಸದು ಹಾಕಬೇಕು. ಪದಕೋಶವನ್ನೆಲ್ಲ ಹೊಡೆದದ್ದು ಹಳೇ ಫಾಂಟಿನಲ್ಲಿ, ಹೊಸದರಲ್ಲಿ ಅದು ತೆರೆದೀತೋ, ಅಕ್ಷರ ಒಡೆದು ಚೂರಾದೀತೋ, ಹೇಳಲಿಕ್ಕಾಗದು. ಪೆನ್ ಡ್ರೈವಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬಹುದು, ಆದರೆ ಒಡೆದರೆ ಒಡೆದಷ್ಟನ್ನು ಕೂತು ಮತ್ತೆ ಹೊಡೆಯಬೇಕು. ಮೇ ತಿಂಗಳ ಮಾತು ಬಿಟ್ಟೇಬಿಡಬೇಕು.

ಇಷ್ಟು ಮಾತನ್ನು ಅಂಗಳದಲ್ಲಿ ಕಾಫಿ ಹರಡುತ್ತಿದ್ದ ಪದ್ಮಯ್ಯ ಅರೆಬರೆ ಕೇಳಿಸಿಕೊಂಡರು. ಕೈಯಲ್ಲಿದ್ದ ಹಲಗೆಯನ್ನು ಗೋಡೆಗೆ ಒರಗಿಸಿ ಒಳಗೆ ಬಂದು, ಬಾಗಿಲಲ್ಲೇ ನಿಂತು ಹೇಳಿದರು.

“ಏನ್ ಬೇಕಾರೂ ಹಾಕಿ. ಬೀಟೆ ಮಾತ್ರ ಬೊತ್ತು.”

ತಾಯಿ ಮಗ ಮುಖ ಮುಖ ನೋಡಿಕೊಂಡರು. ಪದ್ಮಯ್ಯನವರ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಅವರ ಅಪ್ಪನ ಕಾಲದಲ್ಲಿ ತೋಟದ ಗಡಿಯಲ್ಲಿ ಒಂದು ಬೀಟೆ ಮರ ಇತ್ತಂತೆ. ನೆರಳು ಕೊಟ್ಟದ್ದು ನಮ್ಮ ಕಾಫಿಗೆ, ಕಾದದ್ದು ನಾವು, ಆದರೆ ಮರ ಸರ್ಕಾರದ್ದು. ಗಾಳಿಗೆ ಬಿದ್ದ ಮೇಲೂ ಮುಟ್ಟುವಂತಿಲ್ಲ. ಅರಣ್ಯ ಇಲಾಖೆಯವರು ಬಂದು ಸುತ್ತಿಗೆಯಲ್ಲಿ ನಂಬರ್ ಹೊಡೆದು ಹೋದರು. ಕಾಗದ ಓಡಾಡಿ ಮುಗಿಯುವಷ್ಟರಲ್ಲಿ ಗೆದ್ದಲು ತನ್ನ ಪಾಲು ತಾನೇ ತೆಗೆದುಕೊಂಡಿತ್ತು. ಅಂಥದ್ದನ್ನು ಈಗ ಈ ವಯಸ್ಸಿನಲ್ಲಿ ನೆಡುವ ಬುದ್ಧಿ ಯಾಕೆ ಬಂತು, ಅದೂ ಕಂಪ್ಯೂಟರ್ ಕೋಣೆಯಲ್ಲಿ ಕೂತು, ಎಂದು ಅವರು ಗದರಿದರು.

ದಿಗಂತನಿಗೆ ನಗು ತಡೆಯಲಾಗಲಿಲ್ಲ. ಟೀಚರಂತೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಎಂದು ಗಂಡನನ್ನು ಛೇಡಿಸಿದರು. ಬೀಟೆ ಅಲ್ಲ, ಬೀಟಾ, ಅಂದರೆ ಪೂರ್ತಿ ತಯಾರಾಗುವ ಮೊದಲು ಜನರಿಗೆ ಕೊಟ್ಟು ಪರೀಕ್ಷೆ ಮಾಡಿಸುವುದು ಎಂದು ಮಗ ಬಿಡಿಸಿ ಹೇಳಿದ ಮೇಲೆ ಪದ್ಮಯ್ಯ ತುಸು ಹೊತ್ತು ಯೋಚಿಸಿದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಕೆಲಸ ಅನ್ನು ಹಾಗಾದರೆ, ಎಂದು ಹೇಳಿ ಕಣಕ್ಕೆ ವಾಪಸು ಹೋದರು.

ನಕ್ಕಿದ್ದು ನಿಜ. ಆದರೆ ಟೀಚರ ಮನಸ್ಸಿಗೆ ಬೀಟೆಯ ಮಾತು ಸಿಕ್ಕಿಕೊಂಡಿತು. ಏನನ್ನೂ ಕೊನೆಯವರೆಗೆ ಓದದೆ ಸಹಿ ಹಾಕುವವರಲ್ಲ ಅವರು. ಆ ಸಿಸ್ಟಮಿನ ಷರತ್ತುಗಳನ್ನು ದಿಗಂತನಿಂದ ಪ್ರಿಂಟ್ ಹಾಕಿಸಿಕೊಂಡು, ಹನ್ನೊಂದು ಪುಟವನ್ನೂ ಡಿಕ್ಷನರಿ ಹಿಡಿದು ಓದಿದರು. ಎಂಟನೆಯ ಪುಟದಲ್ಲಿ ಸಿಕ್ಕಿತು. ಪರೀಕ್ಷೆ ಮಾಡುವವರು ಸೇರಿಸಿದ ಪದ, ಅರ್ಥ, ಉದಾಹರಣೆ ಎಲ್ಲವೂ ಕಂಪೆನಿಗೆ ಹೋಗುತ್ತದೆ. ಅದನ್ನು ಕಂಪೆನಿ ಫೋನ್ ಮಾಡುವವರಿಗೂ, ಯಾರಿಗೆ ಬೇಕಾದರೂ ಕೊಡಬಹುದು. ಸೇರಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ.

ಅಲ್ಲಿಗೆ ಮುಗಿಯಿತು. ಹದಿನಾಲ್ಕು ವರ್ಷ ಮದುವೆ ಮನೆ, ಸಾವಿನ ಮನೆ ಎನ್ನದೆ ಅಜ್ಜಿಯರ ಬಾಯಿಗೆ ಕಿವಿ ಹಚ್ಚಿ ತಂದ ಪದಗಳು. ಅವು ಪುಸ್ತಕವಾಗುವ ಮೊದಲೇ ಹೆಸರಿಲ್ಲದೆ ಹೊರಟುಹೋಗುವುದೆಂದರೆ ಅವರಿಗೆ ಹೊಟ್ಟೆ ಉರಿಯಿತು. ಅದನ್ನು ಅವರು ಮುಚ್ಚಿಡಲೂ ಇಲ್ಲ. ತನ್ನ ಹೆಸರು ತನಗೆ ಬೇಕು ಎಂದೇ ಮಗನಿಗೆ ಹೇಳಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಬೇಡ, ಸಿಸ್ಟಮ್ ಬಿಡುಗಡೆಯಾಗಲಿ, ಪುಸ್ತಕವೂ ಬರಲಿ, ಆಮೇಲೆ ನೋಡೋಣ ಎಂದರು. ಕೆಂಪು ಗೆರೆಯ ಜೊತೆ ಇನ್ನೊಂದಿಷ್ಟು ದಿನ ಸಂಸಾರ ಮಾಡಿದರಾಯಿತು. ಹಾಗೆ ತೀರ್ಮಾನಿಸಿದ ಮೇಲೆ ನೆಮ್ಮದಿಯೂ ಆಯಿತು, ನಾಲ್ಕು ದಿನ ಚೆನ್ನಾಗಿಯೇ ಕಳೆಯಿತು.

ಐದನೆಯ ದಿನ ಕಣ್ಣಿನ ಡಾಕ್ಟರಿಗೆ ತೋರಿಸಲು ಮಡಿಕೇರಿಗೆ ಹೋದವರು ವಾಪಸು ಬಸ್ಸಿಗೆ ಹೊತ್ತಿದೆಯೆಂದು ದಿಗಂತನ ಅಂಗಡಿಯಲ್ಲಿ ಕೂತಿದ್ದರು. ಪ್ರಿಂಟರ್ ರಿಪೇರಿಗೆ ತಂದಿದ್ದ ಒಬ್ಬಳು ಒಳಗೆ ಬಂದವಳೇ ಕಾಲಿಗೆ ಬಗ್ಗಿದಳು. ರಮ್ಯ. ಮೂರನೇ ಕ್ಲಾಸಿನಲ್ಲಿ ಇವರ ಕೈಕೆಳಗೆ ಓದಿದವಳು, ಈಗ ಮೂವತ್ತಾರೋ ಏಳೋ ಇರಬೇಕು. ಗಾಳಿಬೀಡು ರಸ್ತೆಯಲ್ಲಿ ಆಂಥೂರಿಯಂ ಗಿಡಗಳ ನರ್ಸರಿ ಇಟ್ಟಿದ್ದಾಳೆ, ಅವ್ವನ ಜೊತೆಗೇ ಇದ್ದಾಳೆ, ಕೈತುಂಬ ಕೆಲಸ. ಮಾತಾಡುತ್ತಲೇ ಗಿರಾಕಿಗೆ ಫೋನಿನಲ್ಲಿ ಮೆಸೇಜ್ ಹೊಡೆಯುತ್ತಿದ್ದಳು. ನಾಳೆ ಬನ್ನಿ, ಗಿಡ ರೆಡಿ ಉಂಟು ಎಂದು. ಮಾತು ಕನ್ನಡ, ಅಕ್ಷರ ಪೂರಾ ಇಂಗ್ಲಿಷ್.

ಟೀಚರ ಒಳಗಿನ ಟೀಚರು ಎದ್ದುಬಿಟ್ಟರು. ಅಷ್ಟು ಮುದ್ದಾಗಿ ಬರೆಯುತ್ತಿದ್ದ ಹುಡುಗಿ, ಕನ್ನಡ ಅಕ್ಷರದಲ್ಲಿ ಯಾಕೆ ಬರೆಯುವುದಿಲ್ಲ ಎಂದು ಕೇಳಿದರು.

ರಮ್ಯ ನಕ್ಕಳು. “ಅದಾ ಟೀಚರ್? ನೀವು ಮರ್ತಿರಿ ಕಾಣುತ್ತೆ. ನಾನು ಕಾಪಿ ಬುಕ್ಕಲ್ಲಿ ‘ನಮ್ಮ ಮನೆಲಿ ಎರಡ್ ದನ ಉಟ್ಟು’ ಅಂತ ಬರ್ದಿದ್ದೆ. ನೀವು ಕೆಂಪು ಗೆರೆ ಎಳ್ದು, ದನ ಏನು ಉಟ್ಟಿತು, ಸೀರೆಯೋ ಪಂಚೆಯೋ ಅಂತ ಕೇಳಿದ್ರಿ. ಕ್ಲಾಸಿಡೀ ನಕ್ಕಿತು. ನಂಗೂ ನಗೆ ಬಾತ್.” ಫೋನನ್ನು ಚೀಲಕ್ಕೆ ಹಾಕಿಕೊಂಡು ಅವಳು ಮುಂದುವರಿಸಿದಳು. “ಆಮೇಲೆ ಯಾಕೋ ಕೈಯೇ ಬರ್ಲಿಲ್ಲೆ. ಇಂಗ್ಲಿಷಲ್ಲಿ ಬರ್ದರೆ ತಪ್ಪು ಯಾರಿಗೂ ಗೊತ್ತಾಗಲ್ಲ ನೋಡಿ.”

ಅವಳು ಹೇಳಿದ್ದರಲ್ಲಿ ಎಳ್ಳಷ್ಟೂ ಕಹಿ ಇರಲಿಲ್ಲ. ಹಳೇ ತಮಾಷೆಯೊಂದನ್ನು ನೆನಪಿಸಿದ ಹಾಗೆ ಹೇಳಿ, ಟೀಚರಿಗೆ ಒಂದು ಗಿಡ ಕಳಿಸುತ್ತೇನೆ ಎಂದು ಫೋನ್ ನಂಬರ್ ಬರೆದುಕೊಂಡು ಹೋದಳು. ಟೀಚರಿಗೆ ಆ ದಿನದ ನೆನಪು ಒಂದಿಷ್ಟೂ ಬರಲಿಲ್ಲ. ಎಷ್ಟು ಕೆದಕಿದರೂ ಬರಲಿಲ್ಲ. ಆದರೆ ಮಾತು ತನ್ನದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಸೀರೆಯೋ ಪಂಚೆಯೋ ಎಂದು ಕೇಳುವ ನಾಲಿಗೆ ಗಾಳಿಬೀಡಿನಲ್ಲಿ ಇನ್ಯಾರಿಗಿದೆ? ಇದೆ, ಉಂಟು ಎನ್ನುವುದಕ್ಕೆ ತನ್ನ ಅವ್ವನೂ ‘ಉಟ್ಟು’ ಎಂದೇ ಹೇಳುತ್ತಿದ್ದಳು, ತಾನೂ ಮನೆಯಲ್ಲಿ ಗಂಡನ ಹತ್ತಿರ ಹೇಳುವುದು ಹಾಗೆಯೇ. ಶಾಲೆಯ ಗೇಟು ದಾಟಿದ ಕೂಡಲೇ ಅದು ಬಟ್ಟೆ ಉಡುವ ಉಟ್ಟು ಆಗಿಬಿಡುತ್ತಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವರು ಲೆಕ್ಕ ಹಾಕಲು ನೋಡಿದರು. ಮೂವತ್ತೆರಡು ವರ್ಷ, ವರ್ಷಕ್ಕೆ ಇಪ್ಪತ್ತೈದು ಮೂವತ್ತು ಮಕ್ಕಳು, ಅರ್ಧಕ್ಕರ್ಧ ಅರೆಭಾಷೆಯ ಮನೆಯವರು. ಎಷ್ಟು ಗೆರೆ ಎಳೆದಿರಬಹುದು? ಕಂಪ್ಯೂಟರಿಗೆ ಬೈಯುತ್ತ ಬಂದೆನಲ್ಲ, ಅದಕ್ಕಿಂತ ಮೊದಲೇ ನಾನು ಅದೇ ಕೆಲಸಕ್ಕಿದ್ದೆ ಎನಿಸಿ ಅವರಿಗೆ ನಾಚಿಕೆಯಾಯಿತು. ಕಣ್ಣಿಗೆ ಡಾಕ್ಟರು ಹನಿ ಹಾಕಿದ್ದರಿಂದ ಪಕ್ಕದವರು ಏನೂ ಕೇಳಲಿಲ್ಲ.

ಮನೆಗೆ ಬಂದು ಕಾಫಿ ಕುಡಿಯುತ್ತ ಗಂಡನಿಗೆ ಎಲ್ಲ ಹೇಳಿದರು. ಪದ್ಮಯ್ಯ ಸಮಾಧಾನ ಮಾಡುವ ಜಾತಿಯವರಲ್ಲ. ತಮ್ಮ ಕಾಪಿ ಬುಕ್ಕಿಗೂ ಹಾಗೇ ಗೆರೆ ಬೀಳುತ್ತಿತ್ತು, ಅದಕ್ಕೇ ಐದನೇ ಕ್ಲಾಸಿಗೆ ಬಿಟ್ಟು ಎಮ್ಮೆ ಕಾಯಲು ಹೋದದ್ದು, ಎಮ್ಮೆ ಗೆರೆ ಎಳೆಯುವುದಿಲ್ಲ ಎಂದು ನಕ್ಕರು. ಹಾಗಾದರೆ ಪದಗಳನ್ನು ಆ ಬೀಟಾಕ್ಕೆ ಕೊಟ್ಟುಬಿಡಲೇ, ಹೆಸರಿಲ್ಲದೆ ಹೋಗುತ್ತದಲ್ಲ ಎಂದು ಟೀಚರು ಕೇಳಿದಾಗ ಮಾತ್ರ ಲೋಟ ಕೆಳಗಿಟ್ಟು ಗಂಭೀರವಾಗಿ ಹೇಳಿದರು.

“ಮಾತ್ ಬೀಟೆ ಅಲ್ಲ ಟೀಚರೇ. ಅದಕ್ಕೆ ನಂಬರ್ ಹೊಡಿಯಕ್ಕೆ ಆ ಕಂಪೆನಿಯವುಕೂ ಆಗಲ್ಲೆ, ನಿಮ್ಗೂ ಆಗಲ್ಲೆ.”

ಟೀಚರು ಎದ್ದು ಒಳಗೆ ಹೋದರು. ರಕ್ಷಾಪುಟದ ಮಾದರಿಯನ್ನು ಇನ್ನೊಮ್ಮೆ ತೆಗೆದು ನೋಡಿದರು. ಹೆಸರು ಈಗಲೂ ಚಂದವಾಗಿಯೇ ಇತ್ತು, ಅದರ ಆಸೆಯೂ ಹೋಗಿರಲಿಲ್ಲ. ಪುಸ್ತಕ ತಡವಾಗಿ ಬರಬಹುದು, ಕೊಳ್ಳುವವರು ಕಡಿಮೆಯಾಗಬಹುದು. ಆದರೆ ನಾಳೆ ಯಾವುದೋ ಮನೆಯ ಮಗುವೊಂದು ಫೋನಿನಲ್ಲಿ ‘ಬಾತ್’ ಎಂದು ಬರೆದು, ಕೆಳಗೆ ಗೆರೆ ಕಂಡು, ಅಳಿಸಿ, ಇನ್ನೆಂದೂ ಹಾಗೆ ಬರೆಯದೆ ಹೋದರೆ, ಆ ಗೆರೆ ಎಳೆದವಳು ಮತ್ತೊಮ್ಮೆ ತಾನೇ ಆದ ಹಾಗೆ. ರಕ್ಷಾಪುಟವನ್ನು ಡ್ರಾಯರಿನಲ್ಲಿಟ್ಟು, ಹಾಕಿಬಿಡು ಎಂದು ಮಗನಿಗೆ ಫೋನ್ ಮಾಡಿದರು.

ಭಾನುವಾರ ದಿಗಂತ್ ಬೀಟಾ ಹಾಕಿದ. ಹೆದರಿದ್ದರಲ್ಲಿ ಅರ್ಧ ನಿಜವಾಯಿತು. ‘ಮ’ದವರೆಗೆ ಪದಕೋಶ ಚೆನ್ನಾಗಿಯೇ ತೆರೆಯಿತು, ಅಲ್ಲಿಂದ ಮುಂದಿನದೆಲ್ಲ ಒಡೆದು ಚುಕ್ಕಿ, ಕೊಂಬು, ಕಸವಾಯಿತು. ಪ್ರೆಸ್ಸಿಗೆಂದು ಮೊದಲೇ ತೆಗೆದಿಟ್ಟ ಪ್ರಿಂಟ್ ಪ್ರತಿ ಇದ್ದದ್ದರಿಂದ ಪದ ಕಳೆಯಲಿಲ್ಲ, ಸಾವಿರದೈನೂರನ್ನು ಮತ್ತೆ ಹೊಡೆಯಬೇಕು ಅಷ್ಟೆ. ಪ್ರೆಸ್ಸಿನವರಿಗೆ ಮಳೆಗಾಲ ಕಳೆದ ಮೇಲೆ ಎಂದು ತಿಳಿಸಿದ್ದಾಯಿತು. ಪದ್ಮಯ್ಯ ಬಾವಿಯ ಆಳ ಎಷ್ಟಿತ್ತು ಎಂದು ಕೇಳಿ ಬೈಸಿಕೊಂಡರು.

ಭಾಷೆಯ ಹೆಸರು ಕೇಳುವ ಚೌಕದಲ್ಲಿ ಟೀಚರು ‘ಅರೆಭಾಷೆ’ ಎಂದು ತುಂಬಿದರು. ಮೊದಲ ಪದ ಯಾವುದೆಂದು ಮಗ ಕೇಳಲೇ ಇಲ್ಲ, ಅವರು ಆಗಲೇ ಹೊಡೆದಾಗಿತ್ತು. ಉಟ್ಟು. ಈ ಪದ ಕನ್ನಡದಲ್ಲಿದೆ, ಅರ್ಥ ‘ಧರಿಸಿ’, ಬೇರೆ ಅರ್ಥ ಸೇರಿಸಬೇಕೇ ಎಂದು ಸಿಸ್ಟಮ್ ಕೇಳಿತು. ಇಷ್ಟು ವಿನಯದಿಂದ ನಾನು ಕೇಳಿದ್ದಿದ್ದರೆ ಎಂದುಕೊಂಡು ಅವರು ಹೌದು ಒತ್ತಿದರು. ಅರ್ಥ: ಇದೆ, ಉಂಟು. ಉದಾಹರಣೆಯ ಜಾಗದಲ್ಲಿ ಬರೆದರು: ‘ನಮ್ಮ ಮನೆಲಿ ಎರಡ್ ದನ ಉಟ್ಟು.’

ಆದರೆ ಒಬ್ಬರ ಮಾತನ್ನು ಅದು ಒಪ್ಪುವುದಿಲ್ಲವಂತೆ. ಆ ಭಾಷೆ ಆಡಿ ಬೆಳೆದ ಇನ್ನೊಬ್ಬರು ತಮ್ಮ ಫೋನಿನಿಂದ ನೋಡಿ ಸರಿ ಅಥವಾ ತಪ್ಪು ಎನ್ನಬೇಕು. ಪದ್ಮಯ್ಯನವರದ್ದು ಬಟನ್ ಫೋನು. ದಿಗಂತನನ್ನು ಟೀಚರು ಐದು ಪದ ಕೇಳಿ ನೋಡಿದರು, ಅವನಿಗೆ ಬಂದದ್ದು ಎರಡು. ಮನೆಯಲ್ಲಿ ಮಗನ ಬಾಯಿಗೆ ಶುದ್ಧ ಕನ್ನಡವೇ ಬರಬೇಕೆಂದು ಹಠ ಹಿಡಿದವರು ಅವರೇ. ಮಾಡಿದ್ದುಣ್ಣೋ ಮಹರಾಯ. ಅವರು ದಿಗಂತನ ಗಿರಾಕಿ ಪಟ್ಟಿಯಿಂದ ನಂಬರ್ ತೆಗೆದು ಪದವನ್ನು ರಮ್ಯಳಿಗೆ ಕಳಿಸಿದರು. ಜೊತೆಗೆ ಏನಾದರೂ ಬರೆಯಬೇಕೆನಿಸಿತು. ‘ಅವತ್ತು ತಪ್ಪಿದ್ದು ನಾನು ರಮ್ಯ, ನೀನಲ್ಲ’ ಎಂದು ಬರೆದು, ಅಳಿಸಲು ಹೋಗಿ, ಅಳಿಸದೆ ಕಳಿಸಿದರು.

ಊಟವಾಯಿತು. ಕಣದ ಕಾಫಿಯನ್ನು ಮೂವರೂ ಸೇರಿ ಒಮ್ಮೆ ಮಗುಚಿ ಹಾಕಿದರು. ಟೀಚರು ನಡುನಡುವೆ ಒಳಗೆ ಹೋಗಿ ನೋಡಿ ಬರುತ್ತಿದ್ದರು, ಪರೀಕ್ಷೆಯ ಫಲಿತಾಂಶ ಕಾಯುವ ಮಕ್ಕಳ ಹಾಗೆ. ನಾಲ್ಕು ಗಂಟೆಯ ಹೊತ್ತಿಗೆ ಉತ್ತರ ಬಂತು. ರಮ್ಯ ಪದಕ್ಕೆ ‘ಸರಿ’ ಒತ್ತಿದ್ದಳು. ಉದಾಹರಣೆಗೆ ಮಾತ್ರ ‘ತಪ್ಪು’ ಒತ್ತಿದ್ದಳು. ಟೀಚರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕೆಳಗೆ ಕಾರಣ ಬರೆಯುವ ಚೌಕದಲ್ಲಿ ಅವಳು ಒಂದು ಸಾಲು ಬರೆದಿದ್ದಳು, ಕನ್ನಡ ಅಕ್ಷರದಲ್ಲಿ.

‘ಎರಡ್ ಅಲ್ಲ ಟೀಚರ್, ಈಗ ನಾಲ್ಕ್ ಉಟ್ಟು.’

ಟೀಚರು ಕನ್ನಡಕ ತೆಗೆದು ಒರೆಸಿ, ‘ಎರಡ್’ ಎಂದಿದ್ದನ್ನು ‘ನಾಲ್ಕ್’ ಎಂದು ತಿದ್ದಿದರು.